ಪಂಪ್ ಕೆಟ್ಟಿರಲಿಲ್ಲ

ಪುಟ್ಟೀ,

ಮೊನ್ನೆ ನಿನ್ನನ್ನು ಕಾಸರಗೋಡು ಸ್ಟೇಶನ್ನಿಗೆ ಬಿಡಲು ನಾನು ಬರಲಿಲ್ಲ. ತೋಟದ ಪಂಪ್ ಕೆಟ್ಟಿದೆ ಅಂದೆ. ಪಂಪ್ ಕೆಟ್ಟಿರಲಿಲ್ಲ. ಹಿಂದಿನ ರಾತ್ರಿ ಆಡಿದ ಮಾತಿನ ಮೇಲೆ ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ಆ ಮಾತನ್ನು ಮತ್ತೆ ಬರೆಯುವುದಿಲ್ಲ.

ಮಾಹೆಗೆ ಮುಟ್ಟಿದೆ ಅಂತ ನಿನ್ನ ಮೆಸೇಜ್ ಬಂತು. ಅಜ್ಜಿ ಇನ್ನೂ ಕೇಳುತ್ತಿದ್ದಾಳೆ, ತಲಶ್ಶೇರಿ ದಾಟಿದರೆ ಸಿಗುವ ಮಾಹೆಗೆ ವಿಮಾನ ಯಾಕೆ ಅಂತ. ಸೀಶೆಲ್ಸ್ ದ್ವೀಪಗಳಲ್ಲೂ ಒಂದು ಮಾಹೆ ಇದೆ ಅಂದರೆ ನಂಬುವುದಿಲ್ಲ.

ಹೇಳಬೇಕಾದ್ದು ಬೇರೆ. ಆ ಪಿಕಳಾರದ ವಿಷಯ. ನಿನಗೆ ಆಗ ಎಂಟು ವರ್ಷ. ಅಲಸಂಡೆ ಸಾಲಿಗೆ ಕಟ್ಟಿದ ನೈಲಾನ್ ಬಲೆಯಲ್ಲಿ ಬೆಳಿಗ್ಗೆ ಸಿಕ್ಕಿಹಾಕಿಕೊಂಡಿತ್ತು. ನೀನು ಕತ್ತರಿ ತರಲು ಒಳಗೆ ಓಡಿದೆ. ನನಗೆ ಅವಸರ, ಅಡಿಕೆಗೆ ಮದ್ದು ಬಿಡುವವರು ಅಂಗಳದಲ್ಲಿ ಬಂದು ನಿಂತಿದ್ದರು. ಎಳೆದೆ. ಸಣ್ಣ ಸದ್ದು, ಒಣ ಕಡ್ಡಿ ಮುರಿದ ಹಾಗೆ. ನೀನು ಕತ್ತರಿ ಹಿಡಿದು ಬಂದಾಗ ಹಕ್ಕಿ ನನ್ನ ಕೈಯಲ್ಲಿತ್ತು, ಕಾಲು ನೇತಾಡುತ್ತಿತ್ತು. "ಮೊದಲೇ ಮುರಿದಿತ್ತು" ಅಂದೆ. ನೀನು ನಂಬಿದೆ. ಬುಟ್ಟಿಯ ಕೆಳಗೆ ಇಟ್ಟು ಎರಡು ದಿನ ಬಾಳೆಹಣ್ಣು ತಿನ್ನಿಸಿದೆ.

ಮುರಿದದ್ದು ನಾನು.

ಕಳೆದ ತಿಂಗಳು ಮೊಬೈಲಿನಲ್ಲಿ ನಿನ್ನ ಕೆಲಸ ತೋರಿಸಿದೆಯಲ್ಲ. ಹಕ್ಕಿ ಹಿಡಿಯುವ, ಕೂದಲಿನಷ್ಟು ತೆಳು ಬಲೆ, ಮಿಸ್ಟ್ ನೆಟ್. ಹಕ್ಕಿ ಯಾವ ಕಡೆಯಿಂದ ಬಂದು ಬಿತ್ತು ಅಂತ ನೋಡಿ, ಮೊದಲು ಕಾಲು ಬಿಡಿಸುವುದು. ಕುತ್ತಿಗೆ ನಿನ್ನ ಎರಡು ಬೆರಳ ನಡುವೆ, ಒತ್ತದೆ. ನಾನು "ಇಷ್ಟಕ್ಕೆ ಎಂಎಸ್ಸಿ ಬೇಕಾ" ಅಂದೆ. ನಿಜವಾಗಿ ನಾನು ನೋಡುತ್ತಿದ್ದದ್ದು ನನ್ನ ಕೈಯನ್ನು.

ನೀನು ಹೋದ ಮೇಲೆ ಕುಳಿತು ಓದಿದೆ. ನೀನು ಕೆಲಸಕ್ಕೆ ಹೋದ ಕಸಿನ್ ದ್ವೀಪ ಬರೀ 29 ಹೆಕ್ಟೇರ್. 1968ರ ಹೊತ್ತಿಗೆ ನಿನ್ನ ಆ ಪುಟ್ಟ ಹಕ್ಕಿ, ಸೀಶೆಲ್ಸ್ ವಾರ್ಬ್ಲರ್, ಇಡೀ ಲೋಕದಲ್ಲಿ ಉಳಿದದ್ದು 30ರ ಒಳಗೆ, ಅದೂ ಅಲ್ಲಿ ಮಾತ್ರ. ಕಾಡು ಕಡಿದು ತೆಂಗು ಹಾಕಿದ್ದರು. ತೆಂಗು ತೆಗೆದು ಅಲ್ಲಿನದೇ ಪಿಸೋನಿಯ ಮರಗಳ ಕಾಡು ಬೆಳೆಯಲು ಬಿಟ್ಟ ಮೇಲೆ ಹಕ್ಕಿ 300 ದಾಟಿತಂತೆ. 1916ರಿಂದ ತೆಂಗಿನ ಸಂಶೋಧನೆ ನಡೆಯುವ ಊರಿನವನು ನಾನು, ತೆಂಗು ಕಡಿದರೆ ಒಳ್ಳೆಯದಾಗುತ್ತದೆ ಅಂತ ಓದಬೇಕಾಯಿತು ನೋಡು. ಒಂದು ಹಕ್ಕಿ 15 ಗ್ರಾಂ. ತಕ್ಕಡಿಯಲ್ಲಿ ಇಟ್ಟು ನೋಡಿದೆ, ಎರಡು ಚಾಲಿ ಅಡಿಕೆ.

ಅವುಗಳಲ್ಲಿ ಕೆಲವು ಮರಿಗಳು ದೊಡ್ಡವಾದರೂ ಹುಟ್ಟಿದ ಜಾಗದಲ್ಲೇ ನಿಂತು ಅಪ್ಪ ಅಮ್ಮನ ಮುಂದಿನ ಮರಿಗೆ ಹುಳ ತಂದು ಕೊಡುತ್ತವಂತೆ, ಹೆಚ್ಚಾಗಿ ಹೆಣ್ಣುಗಳೇ. ಅಮ್ಮನಿಗೆ ಓದಿ ಹೇಳಿದೆ. "ಅಷ್ಟು ಪುಟದಲ್ಲಿ ನಿಮಗೆ ಅದೊಂದೇ ಕಂಡದ್ದಾ" ಅಂದಳು.

ಬೋಟಿನಿಂದ ಇಳಿಯುವಾಗ ಅಲೆ ನೋಡಿ ಇಳಿ. ಒಬ್ಬಳೇ ಬಂಡೆ ಹತ್ತಬೇಡ. ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡ. ನೀರು ಜಾಸ್ತಿ ಕುಡಿ. ಅವಸರ ಇರುವಾಗ ಬಲೆಗೆ ಕೈ ಹಾಕಲೇಬೇಡ, ಯಾರನ್ನಾದರೂ ಕರೆ. ಕತ್ತರಿ ಕಿಸೆಯಲ್ಲಿರಲಿ. ಬಲೆ ಹರಿದರೆ ಹರಿಯಲಿ, ಅದರ ದುಡ್ಡು ನಾನು ಕಳಿಸುತ್ತೇನೆ. ಇದೆಲ್ಲ ನಿನಗೆ ಕಲಿಸಿದ್ದಾರೆ, ಗೊತ್ತು. ಆದರೂ.

ಪೇಟೆಯಲ್ಲಿ ಯಾರಾದರೂ ಕೇಳಿದರೆ ಮಗಳು ಹಕ್ಕಿ ಡಾಕ್ಟರ್ ಅನ್ನುತ್ತಿದ್ದೇನೆ. ತಪ್ಪು ಅಂತ ಗೊತ್ತು, ಸುಮ್ನೆ ಬಿಡು. ಗುರುತಿಗೆ ಒಂದೊಂದು ಹಕ್ಕಿಯ ಕಾಲಿಗೂ ಮೂರು ಬಣ್ಣದ ಬಳೆ, ಒಂದು ಲೋಹದ್ದು ಅಲ್ವಾ? ನೀನೇ ತೊಡಿಸಿದ ಮೊದಲನೆಯದಕ್ಕೆ ಯಾವ ಬಣ್ಣ ಅಂತ ಬರೆ.

ಅಪ್ಪ

ಮರೆತೆ. ಈ ವರ್ಷವೂ ಅಲಸಂಡೆಗೆ ಬಲೆ ಕಟ್ಟಿದ್ದೆ. ನಿನ್ನೆ ಬಿಚ್ಚಿದೆ. ಇವತ್ತು ನವಿಲು ಬಂದು ಅರ್ಧ ಸಾಲು ಖಾಲಿ ಮಾಡಿದೆ.