ಮಗಳಿಗೊಂದು ಪತ್ರ: ತಾತನ ಬೂಟು, ನಿನ್ನ ಕನ್ನಡಿ

ಪುಟ್ಟಿ,

ಭಾನುವಾರ ನನ್ನ ಶುಗರ್ ರಿಪೋರ್ಟ್ ವಿಷಯಕ್ಕೆ ಆದ ಜಗಳ ನಿಂಗೂ ಗೊತ್ತು ನಂಗೂ ಗೊತ್ತು, ಮತ್ತೆ ಕೆದಕೋದು ಬೇಡ. ನೀನು ಊಟ ಬಿಟ್ಟು ಟ್ರೈನ್ ಹತ್ತಿದ್ದು ಮಾತ್ರ ಸರಿ ಇರ್ಲಿಲ್ಲ ಕಣಮ್ಮ. ಫೋನಲ್ಲಿ ಹೇಳೋಣ ಅಂದ್ರೆ ನನ್ನ ದನಿ ಏರುತ್ತೆ, ನೀನು ಕಟ್ ಮಾಡ್ತೀಯ, ಅದಕ್ಕೇ ಟೈಪ್ ಮಾಡ್ತಿದೀನಿ.

ರಿಪೋರ್ಟ್ ಮುಚ್ಚಿಟ್ಟಿದ್ದು ತಪ್ಪು. ಹೆಚ್‌ಬಿಎ1ಸಿ, ಅದೇ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತದ ಟೆಸ್ಟು, 9.1 ಬಂದಿತ್ತು, ನಿಂಗೆ ಏಳು ಚಿಲ್ರೆ ಅಂದಿದ್ದೆ. ಇನ್ನೊಂದೂ ಹೇಳ್ಬಿಡ್ತೀನಿ, ಟೆಸ್ಟಿಗೆ ಮುಂಚೆ ಮೂರು ದಿನ ಬರೀ ಸೊಪ್ಪಿನ ಪಲ್ಯ ಮಜ್ಜಿಗೆ ಮೇಲೇ ಇದ್ದು ಬೆಳಗ್ಗೆ ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತಿದ್ದೆ. ಡಾಕ್ಟ್ರು ನಕ್ಕುಬಿಟ್ರು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತಂತೆ, ಅಷ್ಟು ದಿನ ರಕ್ತದಲ್ಲಿ ಓಡಾಡಿದ ಸಕ್ಕರೆ ಅದಕ್ಕೆ ಅಂಟ್ಕೊಂಡಿರುತ್ತೆ, ಮೂರು ದಿನದ ನಾಟಕ ಅಲ್ಲಿ ನಡೆಯಲ್ಲ.

ಕನ್ನಡಿ ಹಿಡ್ಕೊಂಡು ಏನ್ ಮಾಡ್ತಿದೀರಿ ಅಂದ್ಯಲ್ಲ, ಪಾದದ ಅಡಿ ನೋಡ್ಕೋತಿದ್ದೆ. ಬಗ್ಗಿ ನೋಡೋಕೆ ಹೊಟ್ಟೆ ಬಿಡಲ್ಲ.

ನಿಮ್ ತಾತ ಒಂದಿನ ಸಂತೆಯಿಂದ ಬಂದು ಜಗುಲಿ ಮೇಲೆ ಕೂತು ಬೂಟು ಬಿಚ್ಚಿದ್ರು. ಒಳಗಿಂದ ಒಂದು ಹುಣಸೆ ಬೀಜ ಬಿತ್ತು. ಬೆಳಗ್ಗೆಯಿಂದ ಅದರ ಮೇಲೇ ನಡೆದಿದಾರೆ, ಸಾಕ್ಸು ಪಾದಕ್ಕೆ ಅಂಟ್ಕೊಂಡಿತ್ತು, ಬಿಳೀ ಸಾಕ್ಸು, ಹೆಬ್ಬೆರಳ ಕೆಳಗೆ ಕಂದು ಬಣ್ಣ. ನಾನು ಅಯ್ಯೋ ಅಂದ್ರೆ ಅವ್ರು ನಕ್ಕೊಂಡು "ನೋವೇ ಇಲ್ಲ ಕಣೋ" ಅಂದ್ರು. ಆ ನಗು ಮರೆಯೋಕಾಗ್ತಿಲ್ಲ. ಶುಗರ್‌ಗೆ ನರ ಸತ್ತು ನೋವು ಗೊತ್ತಾಗ್ತಿರ್ಲಿಲ್ಲ, ನಾವು ನೋವಿಲ್ಲ ಅಂದ್ಮೇಲೆ ಏನಿಲ್ಲ ಅಂತ ಅರಿಶಿನ ಹಚ್ಚಿ ಸುಮ್ನಾದ್ವಿ. ಎರಡು ತಿಂಗಳಿಗೆ ಎರಡು ಬೆರಳು ಹೋಯ್ತು. ನಾನು ಅವತ್ತೇ ಕರ್ಕೊಂಡು ಹೋಗಿದ್ರೆ? ಬೂಟು ಹಾಕೋ ಮುಂಚೆ ಒಂದ್ಸಲ ಕೊಡವಿದ್ರೆ? ಒಂದು ಬೀಜ ಕಣೆ, ಉಗುರಿನಷ್ಟು. ಈಗ ನಾನು ಚಪ್ಪಲಿ ಕೂಡ ಕೊಡವೇ ಹಾಕೋದು, ನಿಮ್ಮಮ್ಮ ನಗ್ತಾಳೆ, ನಗ್ಲಿ.

ಜನವರಿಯಲ್ಲಿ ನಾನು ಮಾಡಿದ್ದು ನೋಡಿದ್ಯಲ್ಲ, ವಾಚು ಶೂಸು ಎಲ್ಲ ತಂದು ಓಡಿ ಹನ್ನೊಂದನೇ ದಿನಕ್ಕೆ ಮಂಡಿ ಹಿಡ್ಕೊಂಡು ಮಲಗಿದ್ದೆ. ಈಗ ಅಂಥದ್ದೇನಿಲ್ಲ. ರಾತ್ರಿ ಊಟ ಆದ್ಮೇಲೆ ನಂದಿನಿ ಬೂತ್‌ವರೆಗೆ ಹೋಗಿ ಬರ್ತೀನಿ, ಹದಿನೈದು ನಿಮಿಷ, ಉಂಡ ತಕ್ಷಣ ನಡೆದ್ರೆ ಸ್ನಾಯುಗಳೇ ಸಕ್ಕರೆ ಎಳ್ಕೋತವಂತೆ. ಬಂದು ಕಾಲು ತೊಳೆದು, ಬೆರಳ ಸಂದಿ ಒರೆಸಿ, ಕನ್ನಡಿ. ಮಾತ್ರೆ ಡಬ್ಬಿ ಹಲ್ಲುಜ್ಜೋ ಬ್ರಷ್ ಪಕ್ಕಾನೇ ಇಟ್ಟಿದೀನಿ, ಮರೆತೆ ಅನ್ನೋಕಾಗಲ್ಲ. ಮಳೆ ಬಂದ್ರೆ ಹಾಲ್‌ನಲ್ಲೇ ಆ ಕಡೆ ಈ ಕಡೆ. ಮೊನ್ನೆ ಒಂದಿನ ತಪ್ತು, ಸುಳ್ಳು ಹೇಳಲ್ಲ.

ಉಪದೇಶ ಮಾಡಬಾರ್ದು ಅಂತ ಕೂತಿದ್ದೆ, ಆದ್ರೂ ರಾತ್ರಿ ಹನ್ನೊಂದೂವರೆಗೆ ಬಿರಿಯಾನಿ ಆರ್ಡರ್ ಮಾಡಿ ಎರಡು ಗಂಟೆವರೆಗೆ ಮೊಬೈಲ್ ಉಜ್ಜಿ ಬೆಳಗ್ಗೆ ಬರೀ ಕಾಫಿಲಿ ಆಫೀಸಿಗೆ ಹೋಗೋದು ಯಾವ ಸೀಮೆ ಬದುಕು ಹೇಳು? ನಮ್ ಮನೇಲಿ ಈ ಶುಗರ್ ತಾತನಿಂದ ನಂಗೆ ಬಂದಿದೆ, 27 ವರ್ಷ ಅಂತ ಸುಮ್ನಿರ್ಬೇಡ. ಒಂದ್ಸಲ ಹೆಚ್‌ಬಿಎ1ಸಿ ಟೆಸ್ಟ್ ಮಾಡ್ಸು. 5.7ಕ್ಕಿಂತ ಕಮ್ಮಿ ಬಂದ್ರೆ ನಾನು ಬಾಯಿ ಮುಚ್ಕೋತೀನಿ. ಸ್ವಲ್ಪ ದಿನ.

ನೀನು ಅವತ್ತು ಕೂಗಾಡಿದಾಗ ಸಿಟ್ಟು ಬಂದಿದ್ದು ನಿಜ. ಆಮೇಲೆ ಬೂತ್‌ವರೆಗೆ ನಡೀತಾ, ನಮ್ಮಪ್ಪನ ಹತ್ರ ನಾನು ಒಂದಿನಾನೂ ಹೀಗೆ ಜಗಳ ಆಡ್ಲಿಲ್ವಲ್ಲ ಅನ್ನಿಸ್ತು.

ಮುಂದಿನ ಟೆಸ್ಟು ದೀಪಾವಳಿ ಆದ್ಮೇಲೆ. ರಿಪೋರ್ಟ್ ಮೊದ್ಲು ನಿಂಗೇ ಕಳಿಸ್ತೀನಿ, ನಾನೂ ನೋಡಿರಲ್ಲ. ಕನ್ನಡಿ ಮಾತ್ರ ವಾಪಸ್ ಕೊಡಲ್ಲ, ನೀನು ಹೊಸದು ತಗೋ.

ಅಪ್ಪ