ಈ ಭಾನುವಾರ ಬಿ.ಬಿ. ಕಿಂಗ್, ಎರಿಕ್ ಕ್ಲಾಪ್ಟನ್ ಕೇಳೋಣ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ನಮ್ಮ ಮನೆ ಮಹಡಿಯಲ್ಲಿ ಗಿಟಾರ್ ವಾದಕರಾದ ಇವರಿಬ್ಬರೂ ಸೇರಿ ಮಾಡಿದ ‘ರೈಡಿಂಗ್ ವಿತ್ ದ ಕಿಂಗ್’ ಆಲ್ಬಮ್ ಪೂರ್ತಿ ಕೇಳೋಣ. 2000ದಲ್ಲಿ ಬಂದದ್ದು, 12 ಹಾಡು. ಆಗ ಕಿಂಗ್‌ಗೆ 74, ಕ್ಲಾಪ್ಟನ್‌ಗೆ 55. ಮುಖಚಿತ್ರ ನೋಡಿ: ಕ್ಲಾಪ್ಟನ್ ಕಾರು ಓಡಿಸುತ್ತಿದ್ದಾರೆ, ಕಿಂಗ್ ಹಿಂದಿನ ಸೀಟಿನಲ್ಲಿ. ಹಿರಿಯರಿಗೆ ಕೊಡುವ ಮರ್ಯಾದೆ ಅಂದ್ರೆ ಇದೇ ಅಲ್ವಾ!

ಬರುವ ಮೊದಲು ಈ ಆಲ್ಬಮ್‌ನ ‘ಥ್ರೀ ಓ ಕ್ಲಾಕ್ ಬ್ಲೂಸ್’ ಹಾಡು ಒಮ್ಮೆ ಇಯರ್‌ಫೋನ್ ಹಾಕಿ ಕೇಳಿ. 8 ನಿಮಿಷಕ್ಕಿಂತ ಜಾಸ್ತಿ ಇದೆ, ಅವಸರ ಬೇಡ. ಕಿಂಗ್ ಒಂದೇ ಸ್ವರ ಹಿಡಿದು ತಂತಿ ಮೇಲೆ ಬೆರಳು ಅಲುಗಿಸುತ್ತಾರಲ್ಲ, ಅದು ಥೇಟ್ ಮನುಷ್ಯರ ದನಿ.

ದೊಡ್ಡ ಸ್ಪೀಕರ್ ಇದ್ದವರು ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಕಾಫಿ, ಕುರ್ಚಿ ಲೆಕ್ಕ ನೋಡಬೇಕು. ಹಾಡು ನಡೆಯುವಾಗ ಫೋನ್ ಸೈಲೆಂಟ್‌ನಲ್ಲಿರಲಿ, ದಯವಿಟ್ಟು.