ಮನೆಯಲ್ಲಿ ಸಾವಾದಾಗ ಮರೆಯಬಾರದ ಕೆಲಸಗಳು

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ನಮ್ಮ ದೊಡ್ಡಪ್ಪ ಮನೆಯಲ್ಲೇ ತೀರಿಕೊಂಡರು. ತಿಥಿ ಮುಗಿಯುವವರೆಗೂ ಕಾಗದಪತ್ರದ ಕಡೆ ಯಾರೂ ನೋಡಲಿಲ್ಲ. ಆಮೇಲೆ ದೊಡ್ಡಮ್ಮನ ಅಲೆದಾಟ ನೋಡಿ ಸಂಕಟವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮನೆಯಲ್ಲಿ ಸಾವಾದರೆ ಅಂತ್ಯಕ್ರಿಯೆಗೆ ಮೊದಲೇ ಡಾಕ್ಟರನ್ನು ಕರೆಸಿ ಸಾವಿನ ಕಾರಣದ ಪತ್ರ ಬರೆಸಿಕೊಳ್ಳಿ. ನೇತ್ರದಾನದ ಮನಸ್ಸಿದ್ದರೆ 6 ಗಂಟೆಯೊಳಗೆ ಆಗಬೇಕು. ನೇತ್ರ ಬ್ಯಾಂಕಿನವರು ಬರುವ ತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಸ್ವಲ್ಪ ಎತ್ತರದಲ್ಲಿರಲಿ.

ಮರಣ ನೋಂದಣಿ 21 ದಿನದೊಳಗೆ ಮಾಡಿಸಿ. ಆಮೇಲಾದರೆ ಶುಲ್ಕ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಬರೆಸಿ. ದೊಡ್ಡಪ್ಪನ ಇನಿಷಿಯಲ್ ಆಧಾರ್‌ನಲ್ಲಿ ಹೆಸರಿನ ಮುಂದೆ, ಮರಣ ಪತ್ರದಲ್ಲಿ ಹಿಂದೆ. ಅಷ್ಟಕ್ಕೇ ಬ್ಯಾಂಕಿಗೆ ಮೂರು ಸಲ ಹೋಗಬೇಕಾಯಿತು.

ತೀರಿಕೊಂಡವರ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯಬೇಡಿ. ಪಾಸ್‌ಬುಕ್ ಮಾತ್ರ ಸಾಲುಸಾಲಾಗಿ ನೋಡಿ: ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ ಜ್ಯೋತಿ ವಿಮೆ, ನಾಮಿನಿಗೆ 2 ಲಕ್ಷ ಬರುತ್ತದೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಜಮೀನಿದ್ದರೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆ ಜಗಲಿಯಲ್ಲಿ ಕೂತು ಎಲ್ಲರ ನಾಮಿನಿ ವಿವರ ನೋಡೋಣ. ಪಾಸ್‌ಬುಕ್, ಆಧಾರ್ ತನ್ನಿ. ವಯಸ್ಸಾದವರು ಇರುವ ಮನೆಯವರು ದಯವಿಟ್ಟು ತಪ್ಪಿಸಬೇಡಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.